ಹಾರುವ ಓತಿಗೆ ಸಾಕಾದ ಕನ್ನಡ ನಮ್ಮ ಮಕ್ಕಳಿಗೆ ಸಾಲದೆ?

(ಪೂರ್ಣಚಂದ್ರ ತೇಜಸ್ವಿಯವರ ಹುಟ್ಟುಹಬ್ಬದ ಅಂಗವಾಗಿ ಕಮ್ಮನಹಳ್ಳಿಯ ಕನ್ನಡ ಗೆಳೆಯರು ಸೇರಿಸಿದ ಸಭೆಯಲ್ಲಿ ಆಡಿದ ಮಾತು)



ಕಮ್ಮನಹಳ್ಳಿಯಲ್ಲಿ ತೇಜಸ್ವಿ ಬಗ್ಗೆ ಮಾತಾಡುತ್ತೇನೆ ಅಂದಾಗ ಕೆಲವರು ನಕ್ಕರು. 'ಅವರು ಮೂಡಿಗೆರೆ ಕಾಡಿನವರು. ನಿಮ್ಮ ಕಡೆ ಅಂಗಡಿ ಬೋರ್ಡಿನಲ್ಲೇ ಕನ್ನಡವನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಯಾರಯ್ಯಾ ಕೇಳೋರು?' ಅಂದರು. ಇಲ್ಲಿ ಹೇಳದೆ ಇನ್ನೆಲ್ಲಿ ಹೇಳೋಣ? ಊಟ ಬಡಿಸಬೇಕಾದ್ದು ಹಸಿದವನ ಎಲೆಗೆ ತಾನೆ!

ನಮ್ಮ ಬೀದಿಗಳಲ್ಲಿ ದಿನಾ ಕೇಳುವ ಮಾತು ಒಂದಿದೆ. 'ಕನ್ನಡ ಮನೆಗೆ ಸಾಕು ಸಾರ್, ಸೈನ್ಸಿಗೆ ಇಂಗ್ಲಿಷೇ ಆಗಬೇಕು.' ಹೀಗೆ ಹೇಳುವವರು ಕನ್ನಡ ದ್ವೇಷಿಗಳೇನಲ್ಲ, ರಾಜ್ಯೋತ್ಸವಕ್ಕೆ ಚಂದಾ ಕೊಡುವವರೇ. ಅವರ ಕೈಗೆ ನಾನು ಕೊಡುವುದು 1980ರಲ್ಲಿ ಬಂದ 'ಕರ್ವಾಲೊ' ಕಾದಂಬರಿಯನ್ನು.

ಅದರಲ್ಲಿ ರಾಕೆಟ್ಟಿಲ್ಲ, ಮಂಗಳ ಗ್ರಹದಿಂದ ಬಂದವರಿಲ್ಲ. ವಿಜ್ಞಾನದ ಕಥೆ ಎಂದರೆ ಅದೆಲ್ಲ ಇರಲೇಬೇಕು ಅನ್ನುವವರು ರಾಜಶೇಖರ ಭೂಸನೂರಮಠರನ್ನು ಓದಲಿ, ಅವರೂ ನಮ್ಮವರೇ. ತೇಜಸ್ವಿ ಹಿಡಿದ ದಾರಿ ಬೇರೆ. ಕರ್ವಾಲೊ ಒಬ್ಬ ವಿಜ್ಞಾನಿ. ಮಂದಣ್ಣ ಜೇನು ಹಿಡಿಯುವ ಹಳ್ಳಿ ಹುಡುಗ. ಊರಿನವರ ಕಣ್ಣಿಗೆ ಅವನು ಶುದ್ಧ ಪೆದ್ದ, ಉಡಾಳ. ಆದರೆ ಕಾಡಿನ ಒಂದು ಹುಳುವನ್ನಾಗಲಿ, ಓತಿಯನ್ನಾಗಲಿ ಅವನಂತೆ ಗಮನಿಸಿ ನೋಡಿದವರು ಇನ್ನೊಬ್ಬರಿಲ್ಲ. ಅದನ್ನು ಗುರುತಿಸಿದವರು ಕರ್ವಾಲೊ ಒಬ್ಬರೇ. ಮಂದಣ್ಣ ಪೊಲೀಸು, ಕೋರ್ಟು ಅಂತ ಸಿಕ್ಕಿಹಾಕಿಕೊಂಡಾಗಲೂ ಆ ದೊಡ್ಡ ಮನುಷ್ಯ ಅವನ ಕೈ ಬಿಡುವುದಿಲ್ಲ. ಡಿಗ್ರಿ ಪಡೆದವನು ಡಿಗ್ರಿ ಇಲ್ಲದವನಿಂದ ಕಲಿಯಲು ಹೊರಡುತ್ತಾನೆ. ಈ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಮಂದಣ್ಣನ ತಿಳಿವಳಿಕೆಯೆಲ್ಲ ಅವನ ಕನ್ನಡದಲ್ಲೇ ಇತ್ತು. ಕರ್ವಾಲೊ ಆ ಭಾಷೆಯನ್ನು ಕೀಳಾಗಿ ಕಂಡಿದ್ದರೆ ಕಥೆ ಮೊದಲ ಅಧ್ಯಾಯದಲ್ಲೇ ಮುಗಿದುಹೋಗುತ್ತಿತ್ತು!

ಮಕ್ಕಳೇ, ಆ ಓತಿ ಬರೀ ಕಟ್ಟುಕಥೆ ಅಲ್ಲ. ಪಶ್ಚಿಮಘಟ್ಟದ ಮರಗಳಲ್ಲಿ ಹಾರುವ ಓತಿ ನಿಜವಾಗಿಯೂ ಇದೆ. ಅದು ಹಕ್ಕಿಯ ಹಾಗೆ ರೆಕ್ಕೆ ಬಡಿಯುವುದಿಲ್ಲ. ಉದ್ದವಾದ ಪಕ್ಕೆಲುಬುಗಳನ್ನು ಅಗಲಿಸಿದರೆ ಅವುಗಳ ಮೇಲಿನ ಚರ್ಮ ಕೊಡೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒಂದು ಮರದಿಂದ ಇನ್ನೊಂದು ಮರಕ್ಕೆ ತೇಲಿ ಹೋಗುತ್ತದೆ. ನೋಡಿ, ನಾನು ಈಗ ಹೇಳಿದ್ದು ವಿಜ್ಞಾನವೇ. ಯಾರಿಗಾದರೂ ಅರ್ಥವಾಗಲಿಲ್ಲವೇ? ಪಂಡಿತರ ಕೈಗೆ ಸಿಕ್ಕಿದ್ದರೆ ಅದಕ್ಕೆ 'ಉಡ್ಡಯನ ಸರಟ' ಅಂತ ಹೆಸರಿಟ್ಟು, ಅದು ಹಾರುವ ಮೊದಲೇ ಮಕ್ಕಳು ಓಡಿಹೋಗುವಂತೆ ಮಾಡುತ್ತಿದ್ದರು. ತೇಜಸ್ವಿ ಓತಿಯನ್ನು ಓತಿ ಅಂದರು. ಇಂಗ್ಲಿಷ್ ಪದ ಬೇಕಾದಲ್ಲಿ ಮುಜುಗರವಿಲ್ಲದೆ ತಂದುಕೊಂಡರು. 'ಫ್ಲೈಯಿಂಗ್ ಸಾಸರ್ಸ್', 'ಮಿಸ್ಸಿಂಗ್ ಲಿಂಕ್' ಅಂತಲೇ ಕನ್ನಡ ಪುಸ್ತಕಗಳಿಗೆ ಹೆಸರಿಟ್ಟರು. ಕನ್ನಡ ಕೆಟ್ಟಿತೇ? ಹಳ್ಳಿ ಹುಡುಗರು ಆ ಪುಸ್ತಕಗಳನ್ನು ಹರಿಯುವವರೆಗೆ ಓದಿದರು.

ಇನ್ನೊಂದು ವಿಷಯ, ಇದು ನಮ್ಮ ಬಡಾವಣೆಗೇ ಸಂಬಂಧಿಸಿದ್ದು. ಕಮ್ಮನಹಳ್ಳಿಯಲ್ಲಿ ತಮಿಳಿದೆ, ತೆಲುಗಿದೆ, ಮಲಯಾಳವಿದೆ, ಉರ್ದುವಿದೆ. ತೇಜಸ್ವಿಯವರ ಕಥೆಗಳನ್ನು ತೆರೆದರೆ ಪ್ಯಾರ ಇದ್ದಾನೆ, ಮಾರ ಇದ್ದಾನೆ, ಬಿರಿಯಾನಿ ಕರಿಯಪ್ಪ ಇದ್ದಾನೆ. ಯಾರ ಕನ್ನಡವೂ ವ್ಯಾಕರಣ ಪುಸ್ತಕದ ಕನ್ನಡವಲ್ಲ, ಎಲ್ಲರದೂ ಕನ್ನಡವೇ. ಪಕ್ಕದ ಮನೆಯವರ ತಪ್ಪು ಕನ್ನಡಕ್ಕೆ ನಗುವ ಚಾಳಿಯನ್ನು ನಾವು ಮೊದಲು ಬಿಡಬೇಕು. ನಕ್ಕರೆ ಅವರು ಮರುದಿನ ಇಂಗ್ಲಿಷಿಗೆ ಹೋಗುತ್ತಾರೆ, ಆಮೇಲೆ ನಾವು ಬೋರ್ಡಿಗೆ ಮಸಿ ಬಳಿದು ಏನು ಪ್ರಯೋಜನ? ಇದೇ ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ ಬೇಟೆಯ ಅನುಭವಗಳನ್ನು ಇಂಗ್ಲಿಷಿನಲ್ಲಿ ಬರೆದರು. ತೇಜಸ್ವಿ ಅವನ್ನು 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ' ಅಂತ ಕನ್ನಡ ಮಾಡಿದರು. ಓದಿದ ಮಕ್ಕಳಿಗೆ ಅದು ಅನುವಾದ ಅಂತ ಅನ್ನಿಸುವುದೇ ಇಲ್ಲ.

ಕಂಪ್ಯೂಟರ್ ಬಂದಾಗಲೂ ಅವರು ಅದನ್ನು ಶಪಿಸುತ್ತಾ ಕೂರಲಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಸಲೀಸಾಗಿ ಓಡದಿದ್ದರೆ ಭಾಷೆಗೆ ಉಳಿಗಾಲವಿಲ್ಲ ಎಂದು ಜಗಳಕ್ಕೇ ನಿಂತರು. ಹಂಪಿ ಕನ್ನಡ ವಿಶ್ವವಿದ್ಯಾಲಯದ 'ಕುವೆಂಪು ಕನ್ನಡ ತಂತ್ರಾಂಶ'ದ ಬೆನ್ನಿಗೆ ನಿಂತವರು ಅವರು. 2007ರ ಏಪ್ರಿಲ್ 5ರಂದು ತೀರಿಕೊಂಡರು. ಇವತ್ತು ನೀವು ಮೊಬೈಲಿನಲ್ಲಿ ಕನ್ನಡ ಒತ್ತುತ್ತೀರಲ್ಲ, ಅದರ ಹಿಂದೆ ಇಂಥ ಹಲವರ ಹಟವಿದೆ.

2014ರಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದಿತು. 2015ರ ಕಾಯ್ದೆಯಿಂದ ಕನ್ನಡ ಕಲಿಕೆ ಕಡ್ಡಾಯವಾಯಿತು, ನಿಜ. ಆದರೆ ಅಂಕಕ್ಕಾಗಿ ಕಲಿತ ಕನ್ನಡ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತದೆ. 'ಈ ಹುಳು ಯಾಕೆ ಮಿನುಗುತ್ತೆ?' ಅಂತ ಮಗು ಕೇಳಿದಾಗ ಅಪ್ಪ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾನೆ? ಅದಕ್ಕೆ ಯಾವ ಕೋರ್ಟೂ ಅಡ್ಡ ಬರುವುದಿಲ್ಲ!

ಬಾಗಿಲ ಬಳಿ ಮೇಜಿನ ಮೇಲೆ 'ಪರಿಸರದ ಕತೆ', 'ಏರೋಪ್ಲೇನ್ ಚಿಟ್ಟೆ', 'ಕರ್ವಾಲೊ' ಇಟ್ಟಿದ್ದೇವೆ. ಓದಲು ಬಾರದ ಮಕ್ಕಳಿಗೆ ದಿನಕ್ಕೆ ಎರಡು ಪುಟ ನೀವೇ ಓದಿ ಹೇಳಿ. ತಿಂಗಳಾದ ಮೇಲೆ ಪುಸ್ತಕ ವಾಪಸು ತನ್ನಿ, ಬೇರೆಯವರು ಕಾಯುತ್ತಿರುತ್ತಾರೆ.