ತೋಟದ ಮೈಲುತುತ್ತವೂ ವಿಮಾನದ ತಗಡೂ

(ಹುಂಚದಲ್ಲಿ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ಬೆಳೆಯುವವನು ವಿಮಾನದ ಮಾತನ್ನು ಏಕೆ ಎತ್ತಿದನೆಂದು ನಿಮಗೆ ಆಶ್ಚರ್ಯವಾಗಬಹುದು. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅಂದಿನಿಂದ ವಿಮಾನವು ನಮಗೆ ದೂರದ ವಸ್ತುವಲ್ಲ. ನಮ್ಮ ಹುಡುಗರು ವಿಮಾನ ದುರಸ್ತಿಯ ವಿದ್ಯೆಯನ್ನು ಕಲಿಯಹೊರಟಿದ್ದಾರೆ. ಕೊನೆಯ ವರ್ಷದಲ್ಲಿ ಅವರು ಸ್ವತಃ ಒಂದು ಸಂಶೋಧನೆ ಮಾಡಿ ವರದಿ ಬರೆಯಬೇಕು. ಇದನ್ನು ಪ್ರಾಜೆಕ್ಟ್ ಎನ್ನುತ್ತಾರೆ.

ನನ್ನ ತಂಗಿಯ ಮಗ ಆ ವರ್ಷ ನನ್ನಲ್ಲಿಗೆ ಬಂದು, "ಮಾವ, ತಯಾರಾದ ಪ್ರಾಜೆಕ್ಟ್ ದುಡ್ಡಿಗೆ ಸಿಗುತ್ತದೆ, ಸ್ವಲ್ಪ ಹಣ ಕೊಡಿ" ಎಂದ. ನಾನು ಕೇಳಿದೆ: "ಪರರ ತೋಟದ ಗೊನೆ ತಂದು ನನ್ನ ಅಂಗಳದಲ್ಲಿ ಒಣಗಿಸಿದರೆ ನಾನು ಬೆಳೆಗಾರನಾಗುತ್ತೇನೆಯೇ?" ಹುಡುಗ ತಲೆ ತಗ್ಗಿಸಿದ. ಆದರೆ ಏನು ಮಾಡಬೇಕೆಂಬುದು ಅವನಿಗೂ ತಿಳಿಯದು, ನನಗೂ ತಿಳಿಯದು.

ದಾರಿ ಸಿಕ್ಕಿದ್ದು ತೋಟದಲ್ಲಿ. ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದನ್ನು ನೀವೆಲ್ಲರೂ ಬಲ್ಲಿರಿ. ಸುಣ್ಣ ಸಾಕಾಯಿತೇ ಎಂದು ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು. ಹಾಗೇಕೆ? ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಅಲ್ಯೂಮಿನಿಯಂ ಪಾತ್ರೆಯ ಗತಿಯೂ ಅದೇ. ಅನೇಕ ವಿಮಾನಗಳ ಮೈಯ ಬಹುಭಾಗ ಅಲ್ಯೂಮಿನಿಯಂ ಮಿಶ್ರಲೋಹವೇ. ಬಲ ಬರಲೆಂದು ಕೆಲವು ತಗಡುಗಳಿಗೆ ತಾಮ್ರವನ್ನೂ ಬೆರೆಸುತ್ತಾರೆ. ಅದರಿಂದ ತಗಡು ಗಟ್ಟಿಯಾಗುತ್ತದೆ, ಆದರೆ ತೇವಕ್ಕೆ ಬೇಗ ತಿನ್ನಿಸಿಕೊಳ್ಳುತ್ತದೆ. ಆದುದರಿಂದಲೇ ಮೇಲೆ ಶುದ್ಧ ಅಲ್ಯೂಮಿನಿಯಂ ಪದರ ಮತ್ತು ಬಣ್ಣ.

ಹುಡುಗ ತನ್ನ ಪ್ರಶ್ನೆಯನ್ನು ಹೀಗೆ ಕಿರಿದು ಮಾಡಿಕೊಂಡ: ಬಣ್ಣದಲ್ಲಿ ಒಂದು ಗೀರು ಬಿದ್ದರೆ, ಮಲೆನಾಡಿನ ಒಂದು ಮಳೆಗಾಲದಲ್ಲಿ ತಗಡು ಎಷ್ಟು ಹಾಳಾದೀತು? ಗುರುಗಳು ಒಪ್ಪಿದರು. ಒಂದೇ ತಗಡಿನಿಂದ ಕತ್ತರಿಸಿದ ತುಂಡುಗಳನ್ನು ತೊಳೆದು, ತೂಗಿ, ಗುರುತು ಹಾಕಿದ. ಕೆಲವನ್ನು ಬಯಲಿನಲ್ಲಿ, ಕೆಲವನ್ನು ಒಣ ಕೋಣೆಯಲ್ಲಿ ಇಟ್ಟ. ಕೋಣೆಯವು ಇಲ್ಲದಿದ್ದರೆ ಬಯಲಿನವನ್ನು ಯಾವುದರೊಡನೆ ಹೋಲಿಸುವುದು? ಗೊಬ್ಬರ ಹಾಕದ ಒಂದು ಸಾಲನ್ನು ಬಿಟ್ಟು ನೋಡುವ ರೈತನ ಬುದ್ಧಿಯೇ ಇದು. ಮೃಗಶಿರದಲ್ಲಿ ತೂಗುಹಾಕಿದ್ದನ್ನು ಹಸ್ತ ಮಳೆ ಮುಗಿದ ಮೇಲೆ ಇಳಿಸಿದ. ತೂಕವೊಂದನ್ನೇ ನಂಬಲಿಲ್ಲ. ಅಲ್ಯೂಮಿನಿಯಂ ಅಲ್ಲಲ್ಲಿ ಸಣ್ಣ ಕುಳಿ ಬಿದ್ದು ಕೆಡುತ್ತದೆ, ತೂಕ ಹೆಚ್ಚು ಇಳಿಯುವುದಿಲ್ಲ. ಆದ್ದರಿಂದ ಮಸೂರದಲ್ಲಿ ಕುಳಿಗಳನ್ನು ಎಣಿಸಿದ.

ನಡುವೆ ಒಂದು ಎಡವಟ್ಟಾಯಿತು. ಪುಷ್ಯ ಮಳೆಯ ಎರಡು ವಾರ ಜ್ವರದಿಂದ ಮಲಗಿ, ದಿನದ ಲೆಕ್ಕ ಬರೆಯಲಿಲ್ಲ. "ಅಂದಾಜಿನಿಂದ ತುಂಬಿಸಿಬಿಡಲೇ, ಮಾವ?" ಎಂದು ಕೇಳಿದ. ಬೇಡ, ಖಾಲಿ ಬಿಡು, ಕಾರಣ ಬರೆ ಎಂದೆ.

ಏಕೆ ಹಾಗೆಂದೆ ಎಂದರೆ, 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಅಲೋಹಾ ಕಂಪನಿಯ ವಿಮಾನವೊಂದರ ಮೇಲ್ಭಾಗ ಆಕಾಶದಲ್ಲಿಯೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ತಗಡುಗಳ ಜೋಡಣೆಯ ಅಂಟು ಬಿಟ್ಟು, ಕೀಲುಗಳ ಬಳಿ ಬಿರುಕು ಬೆಳೆದಿದ್ದವು. ತಪಾಸಣೆಯಲ್ಲಿ ಅವು ಕಣ್ಣಿಗೆ ಬಿದ್ದಿರಲಿಲ್ಲ. ಹತ್ತುವಾಗ ಬಿರುಕು ನೋಡಿದ ಪ್ರಯಾಣಿಕರೊಬ್ಬರೂ ಯಾರಿಗೂ ಹೇಳಿರಲಿಲ್ಲ. ನೋಡಿದ್ದನ್ನು ಹೇಳುವುದು, ನೋಡದ್ದನ್ನು ಬರೆಯದಿರುವುದು, ಈ ವೃತ್ತಿಗೆ ಇವೆರಡೇ ಅಡಿಗಲ್ಲು. ಇಂದು ಎರಡು ವಾರದ ಸುಳ್ಳು ಲೆಕ್ಕ ಬರೆದ ಕೈ, ನಾಳೆ "ತಪಾಸಣೆ ಆಯಿತು" ಎಂದು ಸುಳ್ಳು ಸಹಿ ಹಾಕಲು ಹಿಂಜರಿಯದು.

ಸಂಶೋಧನೆ ನಮಗೆ ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ಸಿಂಪಡಣೆಯ ದಾರಿ ತೋರಿಸಿದರು. ಅದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ.

ಆದುದರಿಂದ ತಂದೆ ತಾಯಂದಿರಲ್ಲಿ ನನ್ನ ಬಿನ್ನಹ ಇಷ್ಟೆ. ಮಗನಾಗಲಿ ಮಗಳಾಗಲಿ ಪ್ರಾಜೆಕ್ಟಿಗೆ ಹಣ ಕೇಳಿದರೆ, "ನಿನ್ನ ಪ್ರಶ್ನೆ ಏನು? ಲೆಕ್ಕದ ಪುಸ್ತಕ ಎಲ್ಲಿ?" ಎಂದು ಕೇಳಿರಿ. ಮಳೆ ಬೇಕಾದ ಕೆಲಸವಾದರೆ ಮಳೆಗೆ ಮುಂಚೆಯೇ ಆರಂಭಿಸಲು ಹೇಳಿರಿ. ಪದವಿಯೊಂದರಿಂದಲೇ ವಿಮಾನಕ್ಕೆ ಸಹಿ ಹಾಕುವ ಅಧಿಕಾರ ಬಾರದು, ಅದಕ್ಕೆ ಬೇರೆ ಪರವಾನಗಿ ಪಡೆಯಬೇಕೆಂಬುದನ್ನೂ ತಿಳಿದಿರಿ.

ನಮ್ಮ ಹುಡುಗನ ವರದಿಯಲ್ಲಿ ಆ ಎರಡು ವಾರ ಖಾಲಿಯೇ ಉಳಿದಿವೆ. ಪರೀಕ್ಷಕರು ಮೊದಲು ಅದನ್ನೇ ಕೇಳಿದರು. ಅವನು ನಿಜ ಹೇಳಿದ. ಆ ಖಾಲಿ ಪುಟ ನೋಡಿದಾಗಲೆಲ್ಲ ನನಗೆ ನೆಮ್ಮದಿ.