ಕಾಲೇಜಿನಲ್ಲೂ ತಕ್ರಾರ್ ಇರಲಿ

(ಪದವಿ ತರಗತಿಗೆ ಸೇರಿದ ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾಲೇಜಿಗೆ ಸೇರುವುದನ್ನೇ ನಾವು ಸಾಧನೆಯೆಂದು ಭಾವಿಸಿದ್ದೇವೆ. ಸೀಟು ಸಿಕ್ಕಿದ ದಿನ ಮನೆಯಲ್ಲಿ ಸಿಹಿ ಹಂಚಲಾಗುತ್ತದೆ. ಆರು ತಿಂಗಳ ಬಳಿಕ ಆ ಹುಡುಗ ತರಗತಿಯಲ್ಲಿ ಎಲ್ಲಿ ಕುಳಿತಿದ್ದಾನೆ, ಪಾಠ ಅರ್ಥವಾಗುತ್ತಿದೆಯೇ ಎಂದು ವಿಚಾರಿಸುವವರಿಲ್ಲ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪ್ರತಿ 25 ಪದವಿ ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮನಿದ್ದ. ಸ್ನಾತಕೋತ್ತರ ತರಗತಿಗಳಲ್ಲಿ 50ಕ್ಕೆ ಒಬ್ಬ. ಅಂದರೆ ಮೊದಲೇ ತೆಳ್ಳಗಿದ್ದ ನಮ್ಮ ಸಾಲು ಮುಂದಿನ ಮೆಟ್ಟಿಲಲ್ಲಿ ಅರ್ಧಕ್ಕಿಳಿದಿತ್ತು. ಬಾಗಿಲಲ್ಲಿ ತಡೆದದ್ದರ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ಬಾಗಿಲು ದಾಟಿದ ಮೇಲೆ ನಾವಾಗಿಯೇ ಹಿಂದೆ ಸರಿದದ್ದರ ಬಗ್ಗೆ ಕಡಿಮೆ.

ಮದ್ರಸದಿಂದ ಬಂದು ಕಲಾ ಪದವಿಗೆ ಸೇರಿದಾಗ ನಾನು ಆರಿಸಿಕೊಂಡದ್ದು ಕೊನೆಯ ಬೆಂಚನ್ನು. ಅರಬಿ ವ್ಯಾಕರಣದ ಕ್ಲಿಷ್ಟ ಗ್ರಂಥಗಳನ್ನು ಓದಿದ್ದವನಿಗೆ ಅರ್ಥಶಾಸ್ತ್ರದ ಒಂದು ಪುಟ ಬೆಟ್ಟವಾಗಿ ಕಂಡಿತು. ನನ್ನ ಇಂಗ್ಲಿಷ್ ಕೇಳಿ ಯಾರಾದರೂ ನಕ್ಕಾರೆಂಬ ಭಯದಿಂದ ಇಡೀ ವರ್ಷ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ವಿಷಯದಲ್ಲಿ ಅನುತ್ತೀರ್ಣನಾದೆ. ತಪ್ಪು ನನ್ನದೇ ಆಗಿತ್ತು. ಹೇಗೆ ಕಲಿಯಬೇಕೆಂದು ನನಗೆ ಮೊದಲೇ ತಿಳಿದಿತ್ತು. ಆ ಕ್ರಮವನ್ನು ಮದ್ರಸದ ಹೊಸ್ತಿಲಲ್ಲೇ ಬಿಟ್ಟು ಬಂದಿದ್ದೆ.

ನಮ್ಮ ಮದ್ರಸಗಳಲ್ಲಿ ಪಾಠಕ್ಕೆ ಮುನ್ನ ಮುತಾಲಅ ಇರುತ್ತದೆ. ನಾಳೆ ಉಸ್ತಾದರು ಹೇಳಲಿರುವುದನ್ನು ಇಂದು ರಾತ್ರಿಯೇ ಓದಿ, ಅರ್ಥವಾಗದ ಕಡೆ ಗುರುತು ಹಾಕಿಕೊಳ್ಳುವುದು. ಮರುದಿನ ದರ್ಸ್. ಸಂಜೆ ತಕ್ರಾರ್: ನಾಲ್ಕೈದು ಮಂದಿ ಸುತ್ತ ಕುಳಿತು, ಅವರಲ್ಲೊಬ್ಬನು ಉಸ್ತಾದರಂತೆಯೇ ಆ ಪಾಠವನ್ನು ಪುನಃ ಹೇಳುವುದು, ಉಳಿದವರು ತಪ್ಪು ಹಿಡಿಯುವುದು. ತಕ್ರಾರ್ ಎಂದರೆ ಪುನರಾವರ್ತನೆ. ನಮ್ಮ ಕನ್ನಡದ ‘ತಕರಾರು’ ಇದೇ ಪದ. ಕಚೇರಿಗಳನ್ನು ಹೊಕ್ಕು ಆಕ್ಷೇಪಣೆಯ ಅರ್ಥ ಪಡೆಯಿತು. ಪಾಠ ಹೇಳುವ ಸರದಿ ತನ್ನದೆಂದು ತಿಳಿದವನು ದರ್ಸ್‌ನಲ್ಲಿ ತೂಕಡಿಸುವುದಿಲ್ಲ. ಇನ್ನೊಬ್ಬನಿಗೆ ವಿವರಿಸಲು ಹೊರಟಾಗಲೇ ತನಗೆಷ್ಟು ಅರ್ಥವಾಗಿಲ್ಲವೆಂಬುದು ತಿಳಿಯುತ್ತದೆ. ಎರಡನೇ ವರ್ಷ ಮೂವರು ಸಹಪಾಠಿಗಳೊಡನೆ ಗ್ರಂಥಾಲಯದ ಜಗಲಿಯಲ್ಲಿ ಇದನ್ನೇ ಆರಂಭಿಸಿದೆ. ಅವರಲ್ಲಿಬ್ಬರು ಹಿಂದೂ ಸಹೋದರರು. ಅವರು ನನ್ನ ಇಂಗ್ಲಿಷ್ ತಿದ್ದಿದರು, ನಾನು ಅವರಿಗೆ ಇತಿಹಾಸ ಹೇಳಿದೆ.

ಇದು ಧರ್ಮಕ್ಕೆ ಹೊರತಾದುದೆಂದು ಯಾರೂ ಭಾವಿಸಬಾರದು. ಬದ್ರ್ ಯುದ್ಧದ ಕೈದಿಗಳಲ್ಲಿ ಅಕ್ಷರ ಬಲ್ಲವರಿಗೆ ಪ್ರವಾದಿವರ್ಯರು(ಸ) ನಿಗದಿಪಡಿಸಿದ ಪರಿಹಾರ, ಮದೀನದ ಮಕ್ಕಳಿಗೆ ಬರಹ ಕಲಿಸುವುದಾಗಿತ್ತು. ಕಲಿಸಿದವರು ನಿನ್ನೆ ಕತ್ತಿ ಹಿಡಿದು ಬಂದಿದ್ದವರು!

ಕಾಲ ಕಠಿಣವಾಗಿದೆ ಎನ್ನುವಿರಿ. ನಿಜ. 2022ರಲ್ಲಿ ಉಡುಪಿಯಿಂದ ಹಬ್ಬಿದ ಶಿರವಸ್ತ್ರ ವಿವಾದದಲ್ಲಿ ನಮ್ಮ ಎಷ್ಟೋ ಹೆಣ್ಣುಮಕ್ಕಳು ಪರೀಕ್ಷೆ ಕಳೆದುಕೊಂಡರು. ಮಾರ್ಚ್ 15ರಂದು ಹೈಕೋರ್ಟ್ ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಜೊತೆಗೂಡಿ ಓದಿದ್ದರೆ ಅದು ಸಂಭವಿಸುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಅದು ರಾಜಕೀಯದ ಸೃಷ್ಟಿ. ಆದರೆ ಅನ್ಯಾಯದ ವಿರುದ್ಧ ದನಿಯೆತ್ತುವವನಿಗೂ ತರಗತಿಯಲ್ಲಿ ನಾಲ್ವರು ಪರಿಚಿತರಿರಬೇಕು. ನಮ್ಮವರೇ ಕ್ಯಾಂಟೀನಿನ ಒಂದು ಮೂಲೆಯಲ್ಲಿ ಗುಂಪುಗೂಡಿ ಮೂರು ವರ್ಷ ಕಳೆದರೆ ಆ ಪರಿಚಯ ಎಲ್ಲಿಂದ ಬರಬೇಕು?

ಇನ್ನು ಹೆತ್ತವರಲ್ಲಿ ಒಂದು ಮಾತು. ಇಮಾಮ್ ಅಬೂ ಯೂಸುಫ್(ರ) ಬಾಲ್ಯದಲ್ಲಿ ಕಡುಬಡವರಾಗಿದ್ದರು. ಮನೆಯವರು ಅವರನ್ನು ಪಾಠದಿಂದೆಬ್ಬಿಸಿ ದುಡಿಮೆಗೆ ಕರೆದೊಯ್ಯುತ್ತಿದ್ದರೆಂದೂ, ಇಮಾಮ್ ಅಬೂ ಹನೀಫಾ(ರ) ತಮ್ಮ ಹಣದಿಂದಲೇ ಆ ಮನೆಯ ಖರ್ಚು ಭರಿಸಿ ಶಿಷ್ಯನನ್ನು ಉಳಿಸಿಕೊಂಡರೆಂದೂ ಚರಿತ್ರೆಕಾರರು ಬರೆದಿದ್ದಾರೆ. ಆ ಹುಡುಗ ಮುಂದೆ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ಖಾಝಿಯಾದರು. ಎರಡನೇ ವರ್ಷದಲ್ಲಿ ಮಗನಿಗೆ ಗಲ್ಫಿನ ವೀಸಾ ಬಂತೆಂದು, ಮಗಳಿಗೆ ಒಳ್ಳೆಯ ಸಂಬಂಧ ಬಂತೆಂದು ಓದು ನಿಲ್ಲಿಸುವ ಮುನ್ನ ಇದನ್ನು ನೆನಪಿಸಿಕೊಳ್ಳಿರಿ. ಮದುವೆಯ ಊಟಕ್ಕೆ ಲಕ್ಷಗಳನ್ನು ಸುರಿಯುವ ನಮ್ಮ ಜಮಾಅತ್‌ಗಳಿಗೆ ಇಂತಹ ಒಬ್ಬ ಹುಡುಗನ ಮನೆಖರ್ಚು ಭಾರವೇ?

ಹಾಜರಾತಿ, ಆಂತರಿಕ ಅಂಕಗಳ ನಿಯಮಗಳನ್ನು ಮೊದಲ ವಾರವೇ ಕೇಳಿ ತಿಳಿಯಿರಿ. ಸರಕಾರದ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನದವರೆಗೆ ಕಾಯದಿರಿ. ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರು ಹೊಂದಿಕೆಯಾಗದಿದ್ದರೆ ಹಣ ಬರಲು ತೊಡಕಾಗಬಹುದು. ವೃತ್ತಿಪರ ಕೋರ್ಸಿಗೆ ಸೇರಿದವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲದ ಬಗ್ಗೆ ವಿಚಾರಿಸಿರಿ.

ಈಗ ಅಸರ್ ನಮಾಝ್‌ಗೆ ಇನ್ನೂ ಅರ್ಧ ಗಂಟೆ ಇದೆ. ಒಂದೇ ಕಾಲೇಜಿಗೆ, ಒಂದೇ ವಿಭಾಗಕ್ಕೆ ಸೇರಿದವರು ಎದ್ದು ಬಂದು ಪರಸ್ಪರ ಹೆಸರು ಕೇಳಿಕೊಳ್ಳಿರಿ. ವಿದ್ಯಾರ್ಥಿನಿಯರಿಗೆ ಬಲಬದಿಯ ಕೊಠಡಿ ತೆರೆದಿದೆ. ಅರ್ಜಿ ತುಂಬಬೇಕಾದವರು ನನ್ನ ಬಳಿಗೆ ಬನ್ನಿರಿ, ನಾನು ಇಲ್ಲೇ ಕುಳಿತಿರುತ್ತೇನೆ. ವಸ್ಸಲಾಮ್.