ಅಂಗಳಕ್ಕೆ ಯಾವ ತಾಳೆ?

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಮನೆಯಂಗಳಕ್ಕೆ ಎಂಥ ಅಲಂಕಾರದ ಗಿಡ ಒಳ್ಳೆಯದು ಎಂಬ ಬಗ್ಗೆ ನಾಲ್ಕು ಮಾತಾಡಿ ಎಂದು ಸಂಘದವರು ಹೇಳಿದ್ದಾರೆ. ತೆಂಗು, ಅಡಿಕೆ ಬೆಳೆಯುವ ನಿಮಗೆ ತಾಳೆ ಜಾತಿಯ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ! ಆದರೂ ಭಟ್ಕಳದಿಂದ ಕುಮಟೆಯವರೆಗೆ ಹೊಸ ಮನೆ ಕಟ್ಟಿದವರೆಲ್ಲ ನರ್ಸರಿಯಿಂದ ಪಾಮ್ ಗಿಡ ತರುತ್ತಿದ್ದಾರಲ್ಲ, ಅದಕ್ಕಾಗಿ ಹೇಳುತ್ತೇವೆ.

ನರ್ಸರಿಯಲ್ಲಿ ‘ಅರೆಕಾ ಪಾಮ್’ ಅಂತ ಕೊಡುವುದು ನಮ್ಮ ಅಡಿಕೆ ಅಲ್ಲ. ಅದರ ತವರು ಮಡಗಾಸ್ಕರ್ ದ್ವೀಪ. ಬುಡದಿಂದ ಹಿಂಡಾಗಿ ಏಳುತ್ತದೆ, ಕುಂಡದಲ್ಲೂ ಬದುಕುತ್ತದೆ, ಜಗಲಿಗೆ ಚೆಂದ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮದು. ಕುಂಡದ ತಳದಲ್ಲಿ ತೂತು ಇರಲಿ, ಇಲ್ಲದಿದ್ದರೆ ಆಷಾಢದಲ್ಲೇ ಬೇರು ಕೊಳೆತೀತು. ರಾಯಲ್ ಪಾಮ್ ಮಾತ್ರ ಮನೆಗೆ ತಾಗಿ ಬೇಡ. ಅದರ ಒಣಸೋಗೆ ಬಿದ್ದರೆ ಹಂಚು ಪುಡಿ. ಬಿಳಿ ಮಚ್ಚೆಯ ದೊಡ್ಡ ಎಲೆಯ ಡೈಫನ್‌ಬೇಕಿಯಾವನ್ನು ಸಣ್ಣ ಮಕ್ಕಳು, ಕರುಗಳು ಇರುವ ಮನೆಯವರು ತರಲೇಬೇಡಿ. ಕಚ್ಚಿದರೆ ನಾಲಿಗೆ ಊದುತ್ತದೆ. ಹಸಿ ಕೆಸುವಿನ ತುರಿಕೆ ಇದರ ಮುಂದೆ ಏನೂ ಅಲ್ಲ.

ಇನ್ನು ನಾವು ಹೇಳಬೇಕೆಂದು ಬಂದದ್ದು ಶ್ರೀತಾಳೆಯ ವಿಷಯ. ನಮ್ಮ ಮೂರೂ ತಾಲೂಕುಗಳಲ್ಲಿ ಇರುವ ಮರ ಇದು. ಒಂದೊಂದು ಎಲೆ 5 ಮೀಟರ್‌ವರೆಗೆ ಅಗಲ. ಹಿರಿಯರು ಮಳೆಗೆ ಕೊಡೆ ಮಾಡಿದ್ದು, ಓಲೆಗರಿ ಬರೆದದ್ದು ಇದರಿಂದಲೇ. ಮೂವತ್ತು ವರ್ಷಕ್ಕೋ ಎಂಬತ್ತು ವರ್ಷಕ್ಕೋ ಒಂದೇ ಸಲ ತುದಿಯಲ್ಲಿ ದೊಡ್ಡ ತೇರಿನಂತೆ ಹೂ ಬಿಡುತ್ತದೆ. ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಆಮೇಲೆ ಮರ ಸಾಯುತ್ತದೆ.

ಹೂ ಬಿಟ್ಟರೆ ಊರಿಗೆ ಕೇಡು ಎಂದು ಕೆಲವರು ಹೆದರಿ ಕಡಿಸುತ್ತಾರೆ. ಬೇರೆಯವರನ್ನು ಯಾಕೆ ಅನ್ನಬೇಕು, ನಾವೂ ಕಡಿಸಿದವರೇ. ಅಜ್ಜ ನೆಟ್ಟ ಮರ. ಹೂ ಕಂಡ ತಿಂಗಳೊಳಗೆ ಕೊಡಲಿ ಹಾಕಿಸಿದೆವು. ಒಂದು ಬೀಜವೂ ಸಿಗಲಿಲ್ಲ. ಆ ಮರ ಅಷ್ಟು ವರ್ಷ ಕೂಡಿಟ್ಟದ್ದೆಲ್ಲ ಆ ಒಂದು ಕಾಯಿಗಾಗಿಯೇ ಇತ್ತು ಎಂಬುದು ತಿಳಿದದ್ದು ಆಮೇಲೆ. ಕಡಿದ ವರ್ಷವೂ ಮಳೆ ಹೇಗೆ ಬರಬೇಕೋ ಹಾಗೇ ಬಂತು, ಬಿಡಿ.

ಆದ್ದರಿಂದ ಹೂ ಬಿಟ್ಟ ಮರ ನಿಮ್ಮಲ್ಲಿದ್ದರೆ ಕಾಯಿ ಉದುರುವ ತನಕ ಬಿಡಿ. ಉದುರಿದ ಮೇಲೆ ಕಾಂಡ ಅಲ್ಲೇ ಕೊಳೆಯಲು ಬಿಡಬಾರದು. ಕುರುವಾಯಿ ದುಂಬಿ ಅದರಲ್ಲಿ ಮರಿಮಾಡಿ ನಿಮ್ಮ ತೆಂಗಿನ ಸುಳಿಗೆ ಬರುತ್ತದೆ. ನೆಡುವುದಾದರೆ ಅಂಗಳದಲ್ಲಿ ಬೇಡ, ಬೇಣದ ಅಂಚಿಗೆ ಹಾಕಿ. ಬೇರು ಆಳಕ್ಕೆ ಇಳಿಯುವುದರಿಂದ ಕಿತ್ತು ನೆಟ್ಟರೆ ಬದುಕುವುದು ಕಷ್ಟ. ಬೀಜವನ್ನೇ ಜಾಗದಲ್ಲಿ ಊರಬೇಕು. ಮೊಳಕೆಗೆ ಕೆಲವು ತಿಂಗಳೇ ಹಿಡಿದೀತು, ಕೆದಕಿ ನೋಡಬೇಡಿ.

ಹೊನ್ನಾವರದ ಕಡೆಯ ನೆಂಟರೊಬ್ಬರ ಮರದಿಂದ ಹೆಕ್ಕಿದ ಬೀಜ ಒಂದು ಚೀಲ ಇಲ್ಲಿಗೆ ತಂದಿದ್ದೇವೆ. ಊಟ ಮುಗಿಸಿ ಹೋಗುವಾಗ ಮನೆಗೆ ಎರಡರಂತೆ ತೆಗೆದುಕೊಳ್ಳಿ.